ಟಿವಿಗೆ ಸಣ್ಣ ಸ್ಪೀಕರ್, ಹದವಾದ ಬೇಸ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬದಿಯಡ್ಕದ ಹತ್ತಿರ ಹೆಂಚಿನ ಮನೆ. ತಂಗಿಯದು ಕಾಸರಗೋಡು ಪೇಟೆಯಲ್ಲಿ ತಾರಸಿ ಮನೆ. ಒಂದೇ ಜೋಡಿ ಸ್ಪೀಕರನ್ನು ಎರಡೂ ಕಡೆ ಇಟ್ಟು ಕೇಳಿದೆವು. ನಮ್ಮಲ್ಲಿ ಬೇಸ್ ಸಾಲದು ಅನಿಸಿತು. ಅವಳಲ್ಲಿ ಬೇಸ್ ಜಾಸ್ತಿಯಾಗಿ ಮಾತೇ ಮುಚ್ಚಿಹೋಯಿತು. ನನ್ನ ಆಸಕ್ತಿ ಶುರುವಾದದ್ದು ಅಲ್ಲಿಂದ. ಈಗ ನೆಂಟರಲ್ಲಿ ಯಾರು ಹೊಸ ಟಿವಿ ತಂದರೂ ನನಗೊಂದು ಫೋನ್ ಬರುತ್ತದೆ. ಹೆಚ್ಚು ಸಲ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಇಷ್ಟು ದುಡ್ಡು ಕೊಟ್ಟು ತಂದ ಟಿವಿಯ ಶಬ್ದ ಯಾಕೆ ಇಷ್ಟು ತೆಳು?

ಟಿವಿಯೇ ತೆಳುವಾಗಿದೆ, ಅದಕ್ಕೆ. ಹಳೆಯ ಡಬ್ಬಿ ಟಿವಿಯಲ್ಲಿ ಸ್ಪೀಕರ್ ಕೂರಲು ಜಾಗವಿತ್ತು, ಮುಖವೂ ನಮ್ಮ ಕಡೆಗಿತ್ತು. ಈಗಿನ ಟಿವಿಗಳಲ್ಲಿ ಸಣ್ಣ ಸ್ಪೀಕರ್‌ಗಳು ಕೆಳಗೆ ಇಲ್ಲವೇ ಹಿಂದಕ್ಕೆ ಮುಖ ಮಾಡಿರುತ್ತವೆ. ಶಬ್ದ ಮೊದಲು ಗೋಡೆಗೋ ಮೇಜಿಗೋ ಬಡಿದು ಆಮೇಲೆ ನಮ್ಮ ಹತ್ತಿರ ಬರುತ್ತದೆ. ಹೆಚ್ಚಿನ ಟಿವಿಗಳಲ್ಲಿ ಎರಡೂ ಸ್ಪೀಕರ್ ಸೇರಿ 20 ವ್ಯಾಟ್ ಅಂತ ಬರೆದಿರುತ್ತದೆ. ಆದರೆ ಕೊರತೆ ವ್ಯಾಟಿನದಲ್ಲ. ಗಾಳಿಯನ್ನು ತಳ್ಳಲು ಬೇಕಾದಷ್ಟು ಅಗಲದ ಕೋನ್ (ಸ್ಪೀಕರಿನಲ್ಲಿ ಹಿಂದೆ ಮುಂದೆ ಅಲ್ಲಾಡುವ ಬಟ್ಟಲಿನಂಥ ಭಾಗ) ಅಲ್ಲಿಲ್ಲ, ಅದರ ಹಿಂದೆ ಪೆಟ್ಟಿಗೆಯೂ ಇಲ್ಲ.

ಬೇಸ್ ಅಂದರೆ ಏನು? ನಮಗೆ ಎಷ್ಟು ಬೇಕು?

ಕಿವಿಗೆ ಕೇಳಿಸುವ ಶಬ್ದ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ. ಹರ್ಟ್ಸ್ ಅಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪನ ಅನ್ನುವ ಲೆಕ್ಕ. ಇದರಲ್ಲಿ ತಳದ ಭಾಗ ಬೇಸ್. ಗಂಡಸರ ಸಾಮಾನ್ಯ ಮಾತಿನ ಮೂಲ ಸ್ವರವೇ 85ರಿಂದ 180 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಬೇಸ್ ಸಿನೆಮಾದ ಸ್ಫೋಟಕ್ಕೆ ಮಾತ್ರ ಬೇಕಾದದ್ದು ಅಂದುಕೊಳ್ಳಬೇಡಿ. ವಾರ್ತೆ ಓದುವವರ ದನಿಗೆ ಮೈ ತುಂಬುವುದೂ ಅದೇ.

ನನ್ನ ಅನುಭವದಲ್ಲಿ 60 ಹರ್ಟ್ಸ್‌ವರೆಗೆ ಚೆನ್ನಾಗಿ ಇಳಿಯುವ ಸ್ಪೀಕರ್ ಇದ್ದರೆ ವಾರ್ತೆ, ಧಾರಾವಾಹಿ, ಹಾಡು, ಯಕ್ಷಗಾನ ಎಲ್ಲಕ್ಕೂ ಸಾಕು. ಸಿನೆಮಾದ ಗುಡುಗು ಎದೆಗೆ ತಾಗಬೇಕು ಅಂದರೆ 40ರ ಹತ್ತಿರ ಹೋಗಬೇಕು. ಅಲ್ಲಿಗೆ ಹೋಗಲು ಹೆಚ್ಚಾಗಿ ಬೇಸ್‌ಗೆಂದೇ ಇರುವ ಬೇರೆ ಪೆಟ್ಟಿಗೆ, ಅಂದರೆ ಸಬ್‌ವೂಫರೇ ಬೇಕಾಗುತ್ತದೆ.

ನಮ್ಮ ಕಡೆಯವರಿಗೆ ಒಂದು ಒಳ್ಳೆಯ ಅಳತೆಗೋಲು ಕೈಯಲ್ಲೇ ಇದೆ. ಕುಂಬಳೆ ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರು. ಆಟ, ಅಂದರೆ ಯಕ್ಷಗಾನ, ನೋಡದ ಮನೆ ಇಲ್ಲಿ ಕಡಿಮೆ. ತೆಂಕುತಿಟ್ಟಿನ ಒಂದು ಆಟದ ವಿಡಿಯೊ ಹಾಕಿ. ಚೆಂಡೆ ಎಲ್ಲ ಸ್ಪೀಕರಿನಲ್ಲೂ ಕೇಳುತ್ತದೆ. ಅದರ ಶಬ್ದ ಮೊನಚು, ಟಿವಿಯ ಸ್ಪೀಕರಿಗೂ ಅದು ಸಾಧ್ಯ. ಮದ್ದಳೆಯ ಎಡ ಬದಿಯ ಪೆಟ್ಟನ್ನು ಕೇಳಿ ನೋಡಿ. ಅದು ದುಂಡಗೆ, ಬಿಡಿಬಿಡಿಯಾಗಿ ಕೇಳಿದರೆ ಬೇಸ್ ಸರಿಯಾಗಿದೆ. ಒಂದು ಪೆಟ್ಟು ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು ಎಲ್ಲ ಕಲಸಿಹೋದರೆ ಬೇಸ್ ಜಾಸ್ತಿ ಇದೆ, ಆದರೆ ಒಳ್ಳೆಯದಿಲ್ಲ.

ಅಂಗೈ ಅಗಲದ ಸ್ಪೀಕರಿನಲ್ಲೂ ದೊಡ್ಡ ಬೇಸ್ ಬರುತ್ತದೆ ಅನ್ನುತ್ತಾರಲ್ಲ?

ಒಂದು ಮಿತಿಯವರೆಗೆ ಬರುತ್ತದೆ. ಪೆಟ್ಟಿಗೆ ಸಣ್ಣದಿರಬೇಕು, ಬೇಸ್ ಆಳ ಇರಬೇಕು, ಕಡಿಮೆ ಪವರಿನಲ್ಲಿ ಜೋರಾಗಿ ಕೇಳಬೇಕು. ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಸ್ಪೀಕರ್ ಮಾಡುವವರು ಇದನ್ನು ಹಾಫ್‌ಮನ್‌ನ ಕಬ್ಬಿಣದ ನಿಯಮ ಅನ್ನುತ್ತಾರೆ. 1957ರಲ್ಲಿ ಅಮೆರಿಕದಲ್ಲಿ ಶುರುವಾದ ಕೆಎಲ್‌ಎಚ್ ಕಂಪನಿಯ ಹೆಸರಿನ ಕೊನೆಯ ಅಕ್ಷರ ಈ ಹಾಫ್‌ಮನ್ ಅವರದೇ.

ಕಾರಣ ಸರಳ. ಅಷ್ಟೇ ಜೋರಿನಲ್ಲಿ ಅರ್ಧದಷ್ಟು ಹರ್ಟ್ಸ್‌ಗೆ ಇಳಿಯಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಬೇಕು. ಎರಡು ಇಂಚಿನ ಕೋನ್ ಎಷ್ಟು ಅಂತ ಓಡೀತು? ಅದಕ್ಕೇ ಸಣ್ಣ ಸ್ಪೀಕರ್‌ಗಳಲ್ಲಿ ಪೋರ್ಟ್ ಅನ್ನುವ ತೂತು ಇಡುತ್ತಾರೆ, ಇಲ್ಲವೇ ಪ್ಯಾಸಿವ್ ರೇಡಿಯೇಟರ್ ಅನ್ನುವ ಕರೆಂಟಿಲ್ಲದ ಇನ್ನೊಂದು ಕೋನ್ ಜೋಡಿಸುತ್ತಾರೆ. ಎರಡೂ ಒಳ್ಳೆಯ ಉಪಾಯಗಳೇ, ಸಹಾಯ ಮಾಡುತ್ತವೆ. ಆದರೂ ಟಿವಿಗೆ ಅಂತ ತರುವವರು ನಾಲ್ಕು ಇಂಚಿಗಿಂತ ಸಣ್ಣ ವೂಫರಿಗೆ (ತಳದ ಸ್ವರ ನುಡಿಸುವ ದೊಡ್ಡ ಕೋನಿಗೆ) ಹೋಗಬೇಡಿ. ಜಾಗವಿದ್ದರೆ ಐದು ಇಂಚು ಇನ್ನೂ ಒಳ್ಳೆಯದು.

ಪೆಟ್ಟಿಗೆ ಮೇಲೆ ಸಾವಿರಗಟ್ಟಲೆ ವ್ಯಾಟ್ ಬರೆದಿರುತ್ತದೆ. ನಂಬಬಹುದಾ?

ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಪವರ್) ಅಂತ ಬರೆದಿದ್ದರೆ ಆ ಅಂಕಿಯನ್ನು ಪೂರ್ತಿ ಬಿಟ್ಟುಬಿಡಿ. ಅದನ್ನು ಅಳೆಯಲು ಒಂದು ಒಪ್ಪಿತ ಕ್ರಮವೇ ಇಲ್ಲ. ಆರ್‌ಎಂಎಸ್ ಅನ್ನುವ, ಎಡೆಬಿಡದೆ ಕೊಡಬಲ್ಲ ಪವರಿನ ಅಂಕಿಯನ್ನು ಮಾತ್ರ ನೋಡಿ. ಮನೆಯ ಕೋಣೆಗೆ ಒಟ್ಟು 40–50 ವ್ಯಾಟ್ ಆರ್‌ಎಂಎಸ್ ಧಾರಾಳ. ವ್ಯಾಟ್ ಇಮ್ಮಡಿ ಮಾಡಿದರೆ ಹೆಚ್ಚಾಗುವುದು 3 ಡೆಸಿಬಲ್ (ಶಬ್ದದ ಜೋರಿನ ಅಳತೆ) ಮಾತ್ರ. ಕಿವಿಗೆ ಅದು ಸ್ವಲ್ಪ ಜೋರು, ಅಷ್ಟೆ. ಇಮ್ಮಡಿ ಜೋರು ಅನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು.

ನಾನು ಮೊದಲು ತಂದದ್ದು ಅಂಥದೇ ದೊಡ್ಡ ಅಂಕಿಯ ಒಂದು 2.1 ಸೆಟ್, ಅಂದರೆ ಎರಡು ಸ್ಪೀಕರ್ ಮತ್ತು ಒಂದು ಸಬ್‌ವೂಫರ್. ಬೇಸ್ ಅಂದರೆ ಒಂದೇ ಸ್ವರದ ಗುಂಯ್ ಅನ್ನುವ ಶಬ್ದ. ಮಾತೆಲ್ಲ ಕೊಡಪಾನದೊಳಗಿಂದ ಬಂದ ಹಾಗೆ. ಅಮ್ಮ ಎರಡು ದಿನ ತಾಳಿಕೊಂಡು, ಮೂರನೆಯ ದಿನ "ಟಿವಿಯ ಶಬ್ದವೇ ಸಾಕು ಮಗಾ, ಇದನ್ನು ತೆಗೆ" ಅಂದರು. ಅವರ ಕಿವಿ ಸರಿಯಾಗಿಯೇ ಹೇಳಿತ್ತು.

ಇನ್ನೊಂದು ಅಂಕಿಯೂ ಮೋಸ ಮಾಡುತ್ತದೆ. 45 ಹರ್ಟ್ಸ್‌ನಿಂದ 20,000 ಹರ್ಟ್ಸ್ ಅಂತ ಬರೆದು, ಮುಂದೆ ಪ್ಲಸ್ ಮೈನಸ್ 3 ಡೆಸಿಬಲ್ ಎಂಬಂಥ ಮಾತು ಇಲ್ಲದಿದ್ದರೆ, 45ರಲ್ಲಿ ಶಬ್ದ ಎಷ್ಟು ಕ್ಷೀಣವಾಗಿದೆ ಅಂತ ಗೊತ್ತಾಗುವುದೇ ಇಲ್ಲ.

ಸೌಂಡ್‌ಬಾರ್ ತರಲಾ, 2.1 ತರಲಾ, ಎರಡು ಸ್ಪೀಕರಿನ ಜೋಡಿ ತರಲಾ?

ನನ್ನನ್ನು ಕೇಳಿದರೆ, ಜಾಗವಿದ್ದರೆ ಜೋಡಿ. ಒಳಗೇ ಆಂಪ್ಲಿಫೈಯರ್ ಇರುವ ಪವರ್ಡ್ ಸ್ಪೀಕರ್ ಜೋಡಿ. ಉದಾಹರಣೆಗೆ ಎಡಿಫೈಯರ್ ಆರ್1280ಡಿಬಿ ನೋಡಿ. ನಾಲ್ಕು ಇಂಚಿನ ವೂಫರ್, ಒಟ್ಟು 42 ವ್ಯಾಟ್ ಆರ್‌ಎಂಎಸ್, ಆಪ್ಟಿಕಲ್ (ಬೆಳಕಿನ ಮೂಲಕ ಶಬ್ದ ಸಾಗಿಸುವ ವಯರ್) ಮತ್ತು ಬ್ಲೂಟೂತ್ ಸಂಪರ್ಕ, ರಿಮೋಟ್. ಈ ಅಂಕಿಗಳು ದೊಡ್ಡದಾಗಿ ಕಾಣುವುದಿಲ್ಲ. ಆದರೆ ಚಾವಡಿ ತುಂಬಲು ಸಾಕು. ಇದೇ ಅಳತೆಯಲ್ಲಿ ಬೇರೆ ಕಂಪನಿಯವೂ ಇವೆ.

ಟಿವಿಯ ಎರಡು ಬದಿಯಲ್ಲಿ ಜಾಗವಿಲ್ಲ, ವಯರ್ ಕಾಣಬಾರದು, ಒಂದೇ ರಿಮೋಟ್ ಸಾಕು ಅನ್ನುವವರಿಗೆ ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರ್, ಅಂದರೆ ಸೌಂಡ್‌ಬಾರ್ ಸರಿ. ಆದರೆ ಬಾರ್ ಒಂದೇ ಇದ್ದರೆ ಅದರೊಳಗಿನ ಕೋನ್‌ಗಳು ಎರಡು ಮೂರು ಇಂಚಿನವು. ಬೇಸ್ ಬೇಕಾದರೆ ಬೇರೆ ಸಬ್‌ವೂಫರ್ ಇರುವ ಬಾರನ್ನೇ ತನ್ನಿ.

ಅಗ್ಗದ 2.1 ಸೆಟ್‌ಗಳಲ್ಲಿ ಎರಡು ಪುಟ್ಟ ಸ್ಪೀಕರ್ ಮತ್ತು ಒಂದು ದೊಡ್ಡ ಡಬ್ಬಿ ಇರುತ್ತವೆ. ಪುಟ್ಟವು ಕೆಳಗೆ ಇಳಿಯುವುದಿಲ್ಲ, ಡಬ್ಬಿ ಮೇಲೆ ಹತ್ತುವುದಿಲ್ಲ. ನಡುವೆ ಬೀಳುವುದು ಗಂಡಸರ ದನಿ. ಚೆನ್ನಾಗಿ ಮಾಡಿದ 2.1 ಇಲ್ಲ ಅಂತಲ್ಲ. ಅಂಗಡಿಯಲ್ಲಿ ಕೇಳಿ ನೋಡಿಯೇ ತನ್ನಿ.

ನಮ್ಮದು ಹೆಂಚಿನ ಮನೆ. ತಾರಸಿ ಮನೆಯವರ ಸಲಹೆ ನಮಗೆ ಆಗುತ್ತದಾ?

ಪೂರ್ತಿ ಆಗುವುದಿಲ್ಲ. ನನಗೆ ತುಂಬ ಮುಖ್ಯ ಅನಿಸುವ ವಿಷಯವೇ ಇದು.

40 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್. ನಮ್ಮ ಹೆಚ್ಚಿನ ಕೋಣೆಗಳು ಅದಕ್ಕಿಂತ ಸಣ್ಣವು. ಗಟ್ಟಿ ಗೋಡೆ, ಕಾಂಕ್ರೀಟ್ ಮಾಡು, ಮುಚ್ಚಿದ ಕಿಟಕಿ ಇರುವ ಕೋಣೆಯಲ್ಲಿ ಬೇಸ್ ಹೊರಗೆ ಹೋಗದೆ ಒಳಗೇ ಬಡಿದಾಡುತ್ತದೆ. ಎದುರುಬದುರು ಗೋಡೆಗಳ ನಡುವೆ ಹತ್ತು ಅಡಿ ಇದ್ದರೆ 56 ಹರ್ಟ್ಸ್ ಆಸುಪಾಸಿನ ಸ್ವರ ಉಳಿದವಕ್ಕಿಂತ ಉಬ್ಬುತ್ತದೆ. ಹನ್ನೆರಡು ಅಡಿಯಾದರೆ 47ರ ಹತ್ತಿರ. ತಂಗಿಯ ಮನೆಯಲ್ಲಿ ಆದದ್ದು ಇದೇ. ಅವಳ ಟಿವಿ ಕೋಣೆ ಹತ್ತಕ್ಕೆ ಹತ್ತು. ಎರಡು ಜೋಡಿ ಗೋಡೆಗಳೂ ಒಂದೇ ಸ್ವರವನ್ನು ಉಬ್ಬಿಸುತ್ತಿದ್ದವು.

ನಮ್ಮ ಮನೆಯ ಕತೆ ಬೇರೆ. ಕೆಂಪುಕಲ್ಲಿನ ದಪ್ಪ ಗೋಡೆ ಇದೆ ನಿಜ, ಆದರೆ ಮೇಲೆ ಹೆಂಚು. ಹೆಂಚಿನ ಸಂದಿಯಿಂದ, ತೆರೆದ ಬಾಗಿಲಿನಿಂದ, ಜಗಲಿಯ ಕಡೆಯಿಂದ ಬೇಸ್ ಹೊರಗೆ ಹೋಗಿಬಿಡುತ್ತದೆ. ಉಬ್ಬುವುದಿಲ್ಲ, ಹಾಗಾಗಿ ಕೇಳುವಷ್ಟು ಭಾಗ ತುಂಬ ಸ್ವಚ್ಛ. ಮದ್ದಳೆಯ ಪೆಟ್ಟು ನಮ್ಮ ಚಾವಡಿಯಲ್ಲಿ ಕೇಳಿದಷ್ಟು ಚೆನ್ನಾಗಿ ಬೇರೆಲ್ಲೂ ಕೇಳಿಲ್ಲ. ಆದರೆ ತೂಕ ಕಡಿಮೆ.

ಹಾಗಾಗಿ ಹೆಂಚಿನ ಮನೆಯವರು ಐದು ಇಂಚಿನ ವೂಫರ್ ತನ್ನಿ, ಗೋಡೆಗೆ ಹತ್ತಿರ ಇಡಿ. ಸಬ್‌ವೂಫರ್ ಸೇರಿಸಿದರೂ ತೊಂದರೆ ಇಲ್ಲ. ಸಣ್ಣ ತಾರಸಿ ಕೋಣೆಯವರಿಗೆ ನಾಲ್ಕು ಇಂಚು ಸಾಕು. ಮೂಲೆಯಿಂದ ದೂರ ಇಡಿ, ಬೇಸ್ ತಿರುಗಣೆಯನ್ನು ಸ್ವಲ್ಪ ಇಳಿಸಿ. ದಪ್ಪ ಪರದೆ, ಬಟ್ಟೆಯ ಸೋಫಾ, ನೆಲಕ್ಕೊಂದು ಜಮಖಾನ ಹಾಕಿದರೆ ಮಾತಿನ ಪ್ರತಿಧ್ವನಿ ತಗ್ಗುತ್ತದೆ. ಬೇಸ್‌ನ ಉಬ್ಬು ಮಾತ್ರ ಪರದೆಯಿಂದ ತಗ್ಗುವುದಿಲ್ಲ. ಅದಕ್ಕೆ ಸ್ಪೀಕರನ್ನೋ ಕೂರುವ ಜಾಗವನ್ನೋ ಸರಿಸಬೇಕು. ತಂಗಿಯ ಮನೆಯಲ್ಲಿ ಸೋಫಾವನ್ನು ಹಿಂದಿನ ಗೋಡೆಯಿಂದ ಎರಡಡಿ ಮುಂದೆ ತಂದೆವು. ಅರ್ಧ ತೊಂದರೆ ಅಲ್ಲಿಗೇ ಹೋಯಿತು.

ಸ್ಪೀಕರನ್ನು ಶೋಕೇಸಿನ ಒಳಗೆ ಇಡಬಹುದಾ?

ದಯವಿಟ್ಟು ಬೇಡ. ಶೋಕೇಸಿನ ಗೂಡು ಇನ್ನೊಂದು ಪೆಟ್ಟಿಗೆಯಾಗಿ ಗುಂಯ್‌ಗುಡುತ್ತದೆ, ಗಾಜು ಕಟಕಟ ಅನ್ನುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಸ್ಪೀಕರಿನ ಮುಖ ಗೂಡಿನ ಅಂಚಿಗೆ ಬರುವಂತೆ ಮುಂದಕ್ಕೆ ತನ್ನಿ. ಅಡಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಹಾಕಿ. ನಡುಕ ಮರಕ್ಕೆ ಹೋಗುವುದು ತುಂಬ ಕಡಿಮೆಯಾಗುತ್ತದೆ.

ಕೂತಾಗ ಕಿವಿ ಇರುವ ಎತ್ತರಕ್ಕೆ ಟ್ವೀಟರ್ (ಮೇಲಿನ ಸ್ವರ ನುಡಿಸುವ ಸಣ್ಣ ಭಾಗ) ಬರಬೇಕು. ಕೆಳಗಿದ್ದರೆ ಮುಂಭಾಗವನ್ನು ಸ್ವಲ್ಪ ಮೇಲಕ್ಕೆ ವಾಲಿಸಿ. ಎರಡು ಸ್ಪೀಕರಿನ ನಡುವೆ ಐದಾರು ಅಡಿ ಇದ್ದು, ನೀವು ಕೂರುವ ಜಾಗವೂ ಸುಮಾರು ಅಷ್ಟೇ ಅಥವಾ ತುಸು ಹೆಚ್ಚು ದೂರದಲ್ಲಿದ್ದರೆ ಮಾತು ಟಿವಿಯ ನಡುವಿನಿಂದಲೇ ಬಂದ ಹಾಗೆ ಕೇಳುತ್ತದೆ. ಪೋರ್ಟ್ ಹಿಂದೆ ಇರುವ ಸ್ಪೀಕರಾದರೆ ಗೋಡೆಯಿಂದ ಒಂದು ಗೇಣಾದರೂ ಜಾಗ ಬಿಡಿ.

ಸಬ್‌ವೂಫರ್ ತಂದೆ. ಎಲ್ಲಿ ಇಡಲಿ?

80 ಹರ್ಟ್ಸ್‌ಗಿಂತ ಕೆಳಗಿನ ಶಬ್ದ ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಟಿವಿಯ ಬುಡದಲ್ಲೇ ಇರಬೇಕೆಂದಿಲ್ಲ. ಜಾಗ ಹುಡುಕಲು ಒಂದು ಹಳೆಯ ಉಪಾಯವಿದೆ. ಸಬ್‌ವೂಫರನ್ನು ನೀವು ಕೂರುವ ಕುರ್ಚಿಯ ಮೇಲೇ ಇಟ್ಟು, ಬೇಸ್ ಚೆನ್ನಾಗಿರುವ ಒಂದು ಹಾಡು ಹಾಕಿ. ಆಮೇಲೆ ಗೋಡೆಯ ಬದಿಯಲ್ಲಿ ಬಗ್ಗಿಕೊಂಡು ನಡೆಯುತ್ತಾ ಕೇಳಿ. ಒಂದೊಂದು ಜಾಗದಲ್ಲಿ ಒಂದೊಂದು ತರ ಕೇಳುತ್ತದೆ. ಎಲ್ಲಿ ಎಲ್ಲ ಸ್ವರವೂ ಸಮನಾಗಿ ಕೇಳಿತೋ ಅಲ್ಲಿ ಸಬ್‌ವೂಫರ್ ಇಡಿ. ಉಪ್ಪರಿಗೆಯ ಹಲಗೆ ನೆಲದ ಮೇಲೆ ಇಡುವವರು ಅಡಿಗೆ ದಪ್ಪ ಕಲ್ಲುಚಪ್ಪಡಿ, ಅದರಡಿಗೆ ರಬ್ಬರ್ ಹಾಕಿ. ಇಲ್ಲದಿದ್ದರೆ ಹಲಗೆಯೇ ಡೋಲಾಗುತ್ತದೆ.

ಟಿವಿಗೆ ಹೇಗೆ ಜೋಡಿಸಬೇಕು? ಬ್ಲೂಟೂತ್ ಸಾಕಲ್ವಾ?

ಹಾಡು ಕೇಳಲು ಸಾಕು, ಟಿವಿ ನೋಡಲು ಬೇಡ. ಬ್ಲೂಟೂತಿನಲ್ಲಿ ಶಬ್ದ ತಡವಾಗಿ ಬರುತ್ತದೆ. ತುಟಿ ಮೊದಲು ಅಲ್ಲಾಡಿ ಮಾತು ಆಮೇಲೆ ಕೇಳುತ್ತದೆ. ಯಕ್ಷಗಾನದಲ್ಲಂತೂ ಹೆಜ್ಜೆ ಮತ್ತು ಚೆಂಡೆ ಬೇರೆಯಾದರೆ ನೋಡಲಿಕ್ಕೇ ಆಗುವುದಿಲ್ಲ.

ಸ್ಪೀಕರಿನಲ್ಲಿ ಎಚ್‌ಡಿಎಂಐ ಎಆರ್‌ಸಿ ಇದ್ದರೆ ಅದೇ ಒಳ್ಳೆಯದು. ಎಚ್‌ಡಿಎಂಐ ವಯರಿನಲ್ಲೇ ಟಿವಿಯ ಶಬ್ದವನ್ನು ಸ್ಪೀಕರಿಗೆ ಕಳಿಸುವ ದಾರಿ ಅದು. ಇದು 2009ರಲ್ಲಿ ಬಂದ ಎಚ್‌ಡಿಎಂಐ 1.4ರಿಂದ ಇರುವ ಸೌಕರ್ಯ. ಟಿವಿಯ ಹಿಂದೆ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದ ಕಿಂಡಿಗೇ ಚುಚ್ಚಬೇಕು, ಬೇರೆ ಎಚ್‌ಡಿಎಂಐ ಕಿಂಡಿ ಆಗುವುದಿಲ್ಲ. ಸೆಟ್ಟಿಂಗಿನಲ್ಲಿ ಸಿಇಸಿ ಆನ್ ಮಾಡಿದರೆ ಟಿವಿಯ ರಿಮೋಟಿನಲ್ಲೇ ಶಬ್ದ ಏರಿಸಿ ಇಳಿಸಬಹುದು. ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಬಹಳ ದೊಡ್ಡ ಅನುಕೂಲ. ಎರಡು ರಿಮೋಟಿನ ಕಿರಿಕಿರಿಗೆ ಬೇಸತ್ತು ಒಳ್ಳೆಯ ಸ್ಪೀಕರನ್ನು ಮೂಲೆಗೆ ಹಾಕಿದ ಮನೆಗಳನ್ನು ನೋಡಿದ್ದೇನೆ.

ಆಪ್ಟಿಕಲ್ ಕೂಡ ಒಳ್ಳೆಯದೇ. ಆದರೆ ಅದರಲ್ಲಿ ಹೆಚ್ಚಾಗಿ ಸ್ಪೀಕರಿನ ರಿಮೋಟ್ ಬೇರೆ ಹಿಡಿಯಬೇಕು. ಎರಡೂ ಇಲ್ಲದಿದ್ದರೆ ಹೆಡ್‌ಫೋನ್ ಕಿಂಡಿಯಿಂದ ವಯರ್ ಎಳೆದರೂ ಕೆಲಸ ನಡೆಯುತ್ತದೆ.

ಆಪ್ಟಿಕಲ್ ಜೋಡಿಸಿದೆ. ಕೆಂಪು ಬೆಳಕು ಬರುತ್ತದೆ, ಶಬ್ದ ಮಾತ್ರ ಇಲ್ಲ!

ಸ್ಪೀಕರ್ ಹಾಳಾಗಿಲ್ಲ, ವಾಪಸ್ ಕಳಿಸಬೇಡಿ. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ಅಂತ ಇರುತ್ತದೆ. ಅದು ಆಟೊ ಅಥವಾ ಡಾಲ್ಬಿ ಅಂತ ಇದ್ದರೆ ಪಿಸಿಎಂಗೆ ಬದಲಿಸಿ. ಎರಡೇ ಸ್ಪೀಕರಿನ ಹೆಚ್ಚಿನ ಸೆಟ್‌ಗಳಿಗೆ ಡಾಲ್ಬಿ ಬಿಡಿಸಲು ಬರುವುದಿಲ್ಲ.

ಸುಮ್ನೆ ಇಟ್ಟರೂ ಗುಂಯ್ ಅನ್ನುತ್ತದೆ. ಯಾಕೆ?

ನಮ್ಮ ಕರೆಂಟು 50 ಹರ್ಟ್ಸ್‌ನದು. ಅದರ ಸದ್ದು 50ರಲ್ಲೋ 100ರಲ್ಲೋ ಸ್ಪೀಕರಿಗೆ ನುಸುಳುತ್ತದೆ. ಕೇಬಲ್ ಟಿವಿ ಇರುವ ಮನೆಗಳಲ್ಲಿ ಇದು ಜಾಸ್ತಿ. ಕೇಬಲಿನ ಅರ್ತಿಂಗ್ ಒಂದು ಕಡೆ, ಮನೆಯ ಅರ್ತಿಂಗ್ ಇನ್ನೊಂದು ಕಡೆ ಇದ್ದು ನಡುವೆ ಒಂದು ಸುತ್ತು ಉಂಟಾಗುತ್ತದೆ. ಸೆಟ್ ಟಾಪ್ ಬಾಕ್ಸಿನಿಂದ ಕೇಬಲ್ ಕಳಚಿ ನೋಡಿ. ಸದ್ದು ನಿಂತರೆ ಕಾರಣ ಅದೇ. ಆಗ ಆಪ್ಟಿಕಲ್‌ಗೆ ಬದಲಿಸಿ. ಅದರಲ್ಲಿ ಹೋಗುವುದು ಬೆಳಕು, ಹಾಗಾಗಿ ಗುಂಯ್ ದಾಟುವುದಿಲ್ಲ. ಪ್ಲಗ್ಗಿನ ಮೂರನೆಯ ಪಿನ್ ಮುರಿದರೆ ಸರಿಯಾಗುತ್ತದೆ ಅಂತ ಯಾರಾದರೂ ಹೇಳಿಯಾರು. ಯಾವತ್ತೂ ಹಾಗೆ ಮಾಡಬೇಡಿ. ಶಾಕ್ ಹೊಡೆಯದಂತೆ ಕಾಯುವುದು ಆ ಪಿನ್.

ಕರೆಂಟು ಹೋಗಿ ಇನ್ವರ್ಟರಿಗೆ ಬಂದಾಗ ಮಾತ್ರ ಸದ್ದು ಬರುತ್ತದಾ? ಹಾಗಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಗುಣ. ಸೈನ್ ವೇವ್ ಇನ್ವರ್ಟರಿನಲ್ಲಿ ಈ ತೊಂದರೆ ತೀರ ಕಡಿಮೆ.

ಅಜ್ಜನಿಗೆ ಮಾತು ಕೇಳುವುದಿಲ್ಲ, ಮಕ್ಕಳಿಗೆ ಬೇಸ್ ಬೇಕು. ಏನು ಮಾಡುವುದು?

ಮಾತು ಅರ್ಥವಾಗಲು ಬೇಕಾದ ಅಕ್ಷರಗಳ ಮೊನೆ ಇರುವುದು ಹೆಚ್ಚಾಗಿ 1,000ದಿಂದ 4,000 ಹರ್ಟ್ಸ್ ನಡುವೆ. ವಯಸ್ಸಾದಂತೆ ಮೊದಲು ಕುಂದುವುದು ಮೇಲಿನ ಸ್ವರಗಳ ಕೇಳ್ಮೆ. ಸ, ಶ, ತ, ಪ ಇಂಥ ಅಕ್ಷರಗಳು ಜಾರಿಹೋಗುತ್ತವೆ. ಆಗ ಬೇಸ್ ಏರಿಸಿದರೆ ಅಜ್ಜನಿಗೆ ಶಬ್ದ ಜೋರಾಗುತ್ತದೆ, ಮಾತು ತಿಳಿಯಾಗುವುದಿಲ್ಲ. ಬೇಸ್ ಎರಡು ಹೆಜ್ಜೆ ಇಳಿಸಿ, ಟ್ರೆಬಲ್ (ಮೇಲಿನ ಸ್ವರಗಳು) ಒಂದು ಹೆಜ್ಜೆ ಏರಿಸಿ, ಒಂದು ಸ್ಪೀಕರ್ ಅಜ್ಜನ ಕುರ್ಚಿಯ ಕಡೆ ನೇರ ಮುಖ ಮಾಡಲಿ.

ಸಿನೆಮಾ ಆಪ್‌ಗಳಲ್ಲಿ 5.1 (ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರಿಗೆ ಮಾಡಿದ ಶಬ್ದ) ಬದಲು ಸ್ಟೀರಿಯೊ (ಎರಡು ಸ್ಪೀಕರಿಗೆ ಮಾಡಿದ್ದು) ಆರಿಸಲು ಬಂದರೆ ಆರಿಸಿ. ಎರಡೇ ಸ್ಪೀಕರಿನಲ್ಲಿ ಮಾತು ಎದ್ದು ಬರುವ ಸಾಧ್ಯತೆ ಹೆಚ್ಚು.

ರಾತ್ರಿ ಶಬ್ದ ಕಡಿಮೆ ಇಟ್ಟರೆ ಬೇಸೇ ಮಾಯವಾಗುತ್ತದಲ್ಲ?

ಅದು ಕಿವಿಯ ಸ್ವಭಾವ. ಮೆಲುದನಿಯಲ್ಲಿ ತಳದ ಸ್ವರಗಳು ನಮಗೆ ಕಡಿಮೆ ಕೇಳುತ್ತವೆ. 1933ರಲ್ಲಿಯೇ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದರು. ರಾತ್ರಿ ಬೇಸ್ ಒಂದೆರಡು ಹೆಜ್ಜೆ ಏರಿಸಿ, ಬೆಳಿಗ್ಗೆ ಇಳಿಸಿ. ಗುಂಡಿನ ಸದ್ದು ಜೋರು, ಮಾತು ಪಿಸುಪಿಸು ಅನ್ನುವ ತೊಂದರೆಗೆ ನೈಟ್ ಮೋಡ್ ಇದ್ದರೆ ಹಾಕಿ.

ಮಳೆಗಾಲದಲ್ಲಿ ಸ್ಪೀಕರ್ ಹಾಳಾಗುತ್ತದಾ?

ನಮ್ಮ ಕಡೆ ಈ ಭಯ ಸರಿಯಾದದ್ದೇ. ಕೋನಿನ ಸುತ್ತ ಇರುವ ಅಂಚು ಫೋಮಿನದಾದರೆ ತೇವಕ್ಕೆ ವರ್ಷಗಳಲ್ಲಿ ಪುಡಿಯಾಗುತ್ತದೆ. ರಬ್ಬರಿನ ಅಂಚು ಇರುವುದನ್ನೇ ಆರಿಸಿ, ಬೆರಳಲ್ಲಿ ಮೆಲ್ಲಗೆ ಮುಟ್ಟಿದರೆ ಗೊತ್ತಾಗುತ್ತದೆ. ಪೆಟ್ಟಿಗೆ ಹೆಚ್ಚಾಗಿ ಎಂಡಿಎಫ್ ಹಲಗೆಯದು, ಅಂದರೆ ಮರದ ನಾರು ಒತ್ತಿ ಮಾಡಿದ್ದು. ಒದ್ದೆ ನೆಲದಿಂದ ನೀರು ಹೀರಿದರೆ ಬುಡ ಉಬ್ಬುತ್ತದೆ, ಆದ್ದರಿಂದ ನೆಲದಿಂದ ಎತ್ತರಿಸಿ ಇಡಿ. ಆಷಾಢದಲ್ಲಿ ಬೂಷ್ಟು ಹಿಡಿಯದಿರಲು ದಿನಾ ಅರ್ಧ ಗಂಟೆಯಾದರೂ ಸ್ಪೀಕರ್ ಹಾಕಿಡುವುದು ನನ್ನ ಅಭ್ಯಾಸ. ಒಳಗಿನ ಬಿಸಿಗೆ ತೇವ ಆರುತ್ತದೆ.

ಮಳೆಗಿಂತ ಸಿಡಿಲಿನ ಭಯ ದೊಡ್ಡದು. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ತಿಂಗಳ ಮಧ್ಯಾಹ್ನದ ಮೇಲೆ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಳಚಿ. ಸ್ವಿಚ್ ಆರಿಸಿದರೆ ಸಾಲದು. ಟಿವಿಯ ಕೇಬಲನ್ನೂ ಕಳಚಿ. ನಮ್ಮ ಮೊದಲಿನ ಟಿವಿಗೆ ಸಿಡಿಲಿನ ಪೆಟ್ಟು ಬಂದದ್ದು ಆ ದಾರಿಯಲ್ಲೇ. ಪ್ಲಗ್ ತೆಗೆದಿದ್ದೆವು, ಕೇಬಲ್ ಮರೆತಿದ್ದೆವು.

ಕಾಸರಗೋಡಿನಲ್ಲಿ ಕೊಳ್ಳಲಾ, ಮಂಗಳೂರಿಗೆ ಹೋಗಲಾ?

2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಗಡಿಯ ಎರಡೂ ಬದಿ ತೆರಿಗೆ ಒಂದೇ. ಕೇಳಿ ನೋಡಲು ಬಿಡುವ ಅಂಗಡಿ ಎಲ್ಲಿದೆಯೋ ಅಲ್ಲಿಗೆ ಹೋಗಿ. ರಿಪೇರಿ ಎಲ್ಲಿ ಮಾಡುತ್ತಾರೆ ಅಂತ ಮೊದಲೇ ಕೇಳಿ, ಬಿಲ್ಲು ಜೋಪಾನ ಮಾಡಿ. ಆನ್‌ಲೈನಿನಲ್ಲಿ ತರಿಸಿದರೆ ವಾಪಸ್ ಮಾಡುವ ದಿನ ಮುಗಿಯುವವರೆಗೆ ರಟ್ಟಿನ ಪೆಟ್ಟಿಗೆ ಬಿಸಾಡಬೇಡಿ.

ಅಂಗಡಿಯವರು ಹಾಕುವ ಹಾಡು ಬೇಸ್ ತೋರಿಸಲೆಂದೇ ಆರಿಸಿದ್ದು. ನಿಮ್ಮ ಫೋನಿನಲ್ಲಿ ಮೂರು ತುಣುಕು ಇಟ್ಟುಕೊಂಡು ಹೋಗಿ: ಗಂಡಸು ಓದುವ ವಾರ್ತೆ, ಒಂದು ಯಕ್ಷಗಾನ ಪದ್ಯ, ನಿಮಗೆ ಬಾಯಿಪಾಠ ಇರುವ ಒಂದು ಹಾಡು. ವಾರ್ತೆಯನ್ನೇ ಮೊದಲು ಕೇಳಿ. ದನಿ ಎದೆಯಿಂದ ಬಂದ ಹಾಗಿರಬೇಕು, ಕೊಡಪಾನದೊಳಗಿಂದ ಅಲ್ಲ. ಅದು ಸರಿ ಇದ್ದರೆ ಮಾತ್ರ ಮುಂದಿನದು.

ಒಳ್ಳೆಯದನ್ನೇ ತಂದೆ. ಆದರೂ ಬೇಸ್ ಇಲ್ಲ!

ಸ್ಪೀಕರ್ ಬದಲಿಸುವ ಮೊದಲು ಹಿಂದಿನ ವಯರ್ ನೋಡಿ. ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಹೋಗುವ ವಯರಿನಲ್ಲಿ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಇರಬೇಕು. ತಿರುಗಾಮುರುಗಾ ಆದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು ಬೇಸ್ ಅಳಿಸಿಹೋಗುತ್ತದೆ. ವಾರ್ತೆಯ ದನಿ ಟಿವಿಯ ನಡುವಿನಿಂದ ಬಾರದೆ ಎರಡು ಬದಿಗೆ ಚೆಲ್ಲಿದಂತೆ ಕೇಳಿದರೆ ಇದೇ ಕಾರಣ ಇರಬಹುದು. ಕರೆಂಟು ಆರಿಸಿ, ಒಂದು ತುದಿಯ ಎರಡು ವಯರನ್ನು ಅದಲುಬದಲು ಮಾಡಿ, ಮತ್ತೆ ಹಾಕಿ ನೋಡಿ.